ರಿಲೇಗೆ ಎಷ್ಟು ದಿನ ಮುಂಚೆ ಪ್ರಾಕ್ಟೀಸ್ ಶುರು ಮಾಡ್ಬೇಕು? ಅನುಭವ ಇರೋರು ಹೇಳಿ

ಮಗಳು 7ನೇ ಕ್ಲಾಸು, ರಾಜಾಜಿನಗರ. 4×100 ರಿಲೇಗೆ ಸೆಲೆಕ್ಟ್ ಆಗಿದಾಳೆ, ವಲಯ ಮಟ್ಟದ ಕ್ರೀಡಾಕೂಟಕ್ಕೆ ಇನ್ನೂ ಆರು ವಾರ ಇದೆ. ನಾಲ್ಕೂ ಜನ ಚೆನ್ನಾಗೇ ಓಡ್ತಾರೆ, ಕೊನೇ ವಾರ ಪ್ರಾಕ್ಟೀಸ್ ಮಾಡಿದ್ರೆ ಸಾಲಲ್ವಾ?

— ಸಾಲಲ್ಲ ಮೇಡಂ, ಈಗ್ಲೇ ಶುರು ಮಾಡ್ಸಿ. ನಮ್ಮ ಹುಡುಗೀರ ಟೀಮಲ್ಲೂ ಎಲ್ಲಾ ಜೋರಾಗಿ ಓಡೋರೇ, ಆದ್ರೆ ಬ್ಯಾಟನ್ (ಒಬ್ಬರಿಂದ ಒಬ್ಬರಿಗೆ ಕೊಡೋ ಕೋಲು) ಹಿಡಿದಿದ್ದು ಎರಡೇ ದಿನ, ಎರಡನೇ ಎಕ್ಸ್‌ಚೇಂಜಲ್ಲೇ ಕೆಳಗೆ ಬಿತ್ತು, ಎತ್ಕೊಂಡು ಓಡೋಷ್ಟ್ರಲ್ಲಿ ಉಳಿದವರೆಲ್ಲ ಮುಗಿಸಿದ್ರು. ಮನೆ ಬರೋವರೆಗೂ ಮಗು ಒಂದು ಮಾತಾಡ್ಲಿಲ್ಲ, ನಂಗೆ ಅದು ಇವತ್ತಿಗೂ ಸಂಕಟ.

ಮುಂದಿನ ವರ್ಷ ಜೂನಲ್ಲೇ ಶುರು ಮಾಡಿದ್ವಿ. ಮಳೆಗೆ ಗ್ರೌಂಡೆಲ್ಲ ಕೆಸರು, ಅದಕ್ಕೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಮೊದಲು ನಿಂತ್ಕೊಂಡು, ಆಮೇಲೆ ನಡ್ಕೊಂಡು, ಆಮೇಲೆ ಜಾಗಿಂಗಲ್ಲಿ ಬರೀ ಕೊಡೋದು ತಗೊಳೋದು. ಮೊದಲನೇ ಮೂರನೇಯವರಿಗೆ ಬಲಗೈ, ಎರಡನೇ ನಾಲ್ಕನೇಯವರಿಗೆ ಎಡಗೈ, ಮಧ್ಯದಲ್ಲಿ ಕೈ ಬದಲಾಯಿಸೋ ಹಾಗಿಲ್ಲ. ಹಿಂದಿನವಳು 'ತಗೋ' ಅಂದ ತಕ್ಷಣ ಮುಂದಿನವಳು ತಿರುಗಿ ನೋಡ್ದೆ ಕೈ ಚಾಚ್ಬೇಕು, ಆ ನಂಬಿಕೆ ಬರೋಕೇ ವಾರಗಟ್ಟಲೆ ಹಿಡಿಯುತ್ತೆ. ಗ್ರೌಂಡ್ ಒಣಗಿದ ದಿನ ಹೆಜ್ಜೆ ಎಣಿಸಿ ಸುಣ್ಣದಲ್ಲಿ ಗುರುತು ಹಾಕಿ, ಹಿಂದಿನವಳು ಅಲ್ಲಿಗೆ ಬಂದಾಗ ಇವಳು ಹೊರಡ್ಬೇಕು. ಬೇಗ ಹೊರಟ್ರೆ ಬ್ಯಾಟನ್ ಸಿಗೋ ಮುಂಚೆ ಅದನ್ನ ಕೊಡೋಕೆ ಗುರುತು ಮಾಡಿರೋ 30 ಮೀಟರ್ ಝೋನ್ ದಾಟಿ ಡಿಸ್‌ಕ್ವಾಲಿಫೈ, ತಡ ಆದ್ರೆ ಡಿಕ್ಕಿ. ಆ ವರ್ಷ ನಮ್ಮ ಅತಿ ಜೋರು ಹುಡುಗಿ ಸ್ಕೂಲ್ ಬಿಟ್ಟು ಹೋಗಿದ್ಲು, ಆದ್ರೂ ಸೆಕೆಂಡ್ ಬಂದ್ರು!

— ನಾನು ಪಿ.ಟಿ. ಟೀಚರ್. ಮೇಲಿನ ಅಕ್ಕ ಹೇಳಿದ್ದೆಲ್ಲ ಸರಿ. ಮುಂದೆ ಕಂಠೀರವ ಸ್ಟೇಡಿಯಂನ ಸಿಂಥೆಟಿಕ್ ಟ್ರ್ಯಾಕಲ್ಲಿ ಓಡೋ ಅವಕಾಶ ಬಂದ್ರೆ ಅವತ್ತೇ ಹೊಸ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರೋ ಓಟದ ಶೂ) ಹಾಕಿಸ್ಬೇಡಿ, ಕಾಲಲ್ಲಿ ಗುಳ್ಳೆ ಏಳುತ್ತೆ. ವಾರ್ಮಪ್ ಇಲ್ದೆ ಕೂತಲ್ಲಿಂದ ಎದ್ದು ಓಡಿದ್ರೆ ತೊಡೆ ಹಿಂದೆ ಹಿಡ್ಕೊಳ್ಳುತ್ತೆ. ಬೆಳಿಗ್ಗೆ ಮನೆ ಇಡ್ಲಿ ಸಾಕು, ಎರಡು ಮೂರು ಗಂಟೆ ಮುಂಚೆ.

— ಟ್ರಾಫಿಕ್ ಮರೀಬೇಡಿ. ಹೆಸರು ಕೂಗೋ ಹೊತ್ತಿಗೆ ನಾವಿನ್ನೂ ಸಿಲ್ಕ್ ಬೋರ್ಡಲ್ಲಿದ್ವಿ, ಮಗನ ಹೀಟ್ಸ್ (ಮೊದಲ ಸುತ್ತಿನ ಓಟ) ಹೋಯ್ತು. ಕಂಠೀರವ ಆದ್ರೆ ಮೆಟ್ರೋಲಿ ಹೋಗಿ, ಕಬ್ಬನ್ ಪಾರ್ಕ್ ಸ್ಟೇಷನ್ನಿಂದ ನಡ್ಕೊಂಡೇ ಹೋಗ್ಬಹುದು.

— ಎಲ್ರಿಗೂ ತುಂಬಾ ಥ್ಯಾಂಕ್ಸ್. ಅವಳದ್ದು ಮೂರನೇ ಲೆಗ್, ಹಾಗಾದ್ರೆ ಬಲಗೈ. ಆದ್ರೆ ಸ್ಕೂಲಲ್ಲಿ ಬ್ಯಾಟನ್ ಮನೆಗೆ ಕೊಡಲ್ವಲ್ಲ?

— ಪಿವಿಸಿ ಪೈಪ್ 30 ಸೆಂಟಿಮೀಟರ್ ಕತ್ತರಿಸಿ, ಅಂಚು ಉಜ್ಜಿ ನುಣ್ಣಗೆ ಮಾಡಿ ಕೊಡಿ ಮೇಡಂ. ನಮ್ಮನೇಲಿ ಅದೇ ಇದ್ದಿದ್ದು.