ಪದಚರ್ಚೆ: ‘ರೀಡಿಂಗ್ ಲಿಟರಸಿ’ಗೆ ಸಾಕ್ಷರತೆ ಸಾಕೇ?

ಪ್ರಶ್ನೆ:
ತುರ್ತು. ಇಂದು ರಾತ್ರಿ ಪುಟ ಅಚ್ಚಿಗೆ ಹೋಗುತ್ತದೆ. ಹಲವು ದೇಶಗಳ ಹದಿನೈದು ವರ್ಷದ ವಿದ್ಯಾರ್ಥಿಗಳನ್ನು ಅಳೆಯುವ ‘ಪಿಸಾ’ ಪರೀಕ್ಷೆಯನ್ನು ಸಮಾಜಶಾಸ್ತ್ರದ ಕಡೆಯಿಂದ ಟೀಕಿಸುವ ಲೇಖನವೊಂದನ್ನು ಮಾಸಪತ್ರಿಕೆಗೆ ಅನುವಾದಿಸುತ್ತಿದ್ದೇನೆ. ‘ರೀಡಿಂಗ್ ಲಿಟರಸಿ’ಗೆ ‘ವಾಚನ ಸಾಕ್ಷರತೆ’ ಎಂದು ಬರೆದೆ, ಸಂಪಾದಕರು ಕೆಂಪು ಗೆರೆ ಎಳೆದರು. 2009ರ ಸುತ್ತಿಗೆ ಸೇರಿದ ತಮಿಳುನಾಡು ಮತ್ತು ಹಿಮಾಚಲ ಪ್ರದೇಶಗಳು ಪಟ್ಟಿಯ ತಳಕ್ಕೆ ಹೋದ ಪ್ರಸಂಗ ಲೇಖನದಲ್ಲಿದೆ. ಅಲ್ಲಿ ಸಾಕ್ಷರತೆ ಎಂದರೆ ಆ ಮಕ್ಕಳು ಹೆಬ್ಬೆಟ್ಟು ಒತ್ತುವವರು ಎಂದಂತಾಗುತ್ತದೆಯಂತೆ. ಬೇರೆ ಪದ ಕೊಡಿ.

ಉತ್ತರ:
ಓದರಿಮೆ. ಇದರಲ್ಲಿ ಚರ್ಚಿಸುವುದೇನೂ ಇಲ್ಲ. ಅಳಿಯದ್ದು ಅಕ್ಷರ, ಅದರೊಡನೆ ಇರುವವನು ಸಾಕ್ಷರ, ಅದಕ್ಕೊಂದು ‘ತೆ’ ಬಾಲ. ಹದಿನೈದರ ಹುಡುಗಿ ಓದಿ ತಿಳಿಯುವುದಕ್ಕೂ ಅಳಿಯದಿರುವುದಕ್ಕೂ ಏನು ನಂಟು? ‘ಅರಿ’ ನಮ್ಮ ಬೇರು. ‘ಮೆ’ ತಾಳ್ಮೆ, ದುಡಿಮೆಗಳಲ್ಲಿ ಇರುವುದೇ.

ಉತ್ತರ:
ಅರಿಮೆಯನ್ನು ಅಚ್ಚಗನ್ನಡ ಪಕ್ಷದ ನಿಮ್ಮವರೇ ವಿಜ್ಞಾನಕ್ಕೆ ಬರೆದುಕೊಟ್ಟಾಗಿದೆ. ಪಿಸಾದಲ್ಲಿ ಓದು, ಗಣಿತದ ಜೊತೆಗೆ ವಿಜ್ಞಾನದ ಲಿಟರಸಿಯೂ ಉಂಟು. ಅದನ್ನು ‘ಅರಿಮೆಯರಿಮೆ’ ಎನ್ನೋಣವೇ?

ತೊಡಕಿರುವುದು ಬೇರಿನಲ್ಲಲ್ಲ. ನಮ್ಮ ಜನಗಣತಿಯಲ್ಲಿ ಏಳು ವರ್ಷ ತುಂಬಿದವರು ಯಾವುದಾದರೂ ಭಾಷೆಯಲ್ಲಿ ಅರ್ಥ ತಿಳಿದು ಓದಿ ಬರೆಯಬಲ್ಲರಾದರೆ ಸಾಕ್ಷರರು, ಇಲ್ಲವಾದರೆ ಅಲ್ಲ. ಪಿಸಾದ್ದು ಹಾಗಲ್ಲ, ಹಂತಹಂತವಾಗಿ ಏರುತ್ತದೆ. ಓದಿದ್ದನ್ನು ಬಳಸುವುದು, ತೂಗಿ ನೋಡುವುದು ಎಲ್ಲವೂ ಅದರಲ್ಲಿ ಸೇರಿವೆ. ‘ಓದಿನ ಸಾಮರ್ಥ್ಯ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಪರೀಕ್ಷೆ ನಡೆಸುವ, ಹೆಚ್ಚಾಗಿ ಸಿರಿವಂತ ದೇಶಗಳ ಕೂಟವಾದ ಓಇಸಿಡಿಯ ಪಕ್ಷ ವಹಿಸುವ ಮಾತು. ಅಳೆದದ್ದರಲ್ಲಿ ಎಷ್ಟು ಮಗುವಿನದು, ಎಷ್ಟು ಮನೆಯಿಂದ ಬಂದ ಸಾಂಸ್ಕೃತಿಕ ಬಂಡವಾಳ, ಅಂದರೆ ಪುಸ್ತಕ, ಮಾತು, ಅಭಿರುಚಿಗಳ ಆಸ್ತಿ, ಎಂಬುದೇ ಫ್ರೆಂಚ್ ಸಮಾಜಶಾಸ್ತ್ರಜ್ಞ ಬೋರ್ದಿಯೂ ಜಾಡಿನ ಟೀಕಾಕಾರರ ತಕರಾರು. ಮನೆಯಲ್ಲಿ ಎಷ್ಟು ಪುಸ್ತಕಗಳಿವೆ ಎಂದು ಪಿಸಾದ ಪ್ರಶ್ನಾವಳಿಯೇ ವಿದ್ಯಾರ್ಥಿಗಳನ್ನು ಕೇಳುತ್ತದೆ. ಟೀಕೆಯ ಲೇಖನದಲ್ಲಿ ಸಾಮರ್ಥ್ಯ ಎಂದು ಬರೆದರೆ ವಾದ ಶುರುವಾಗುವ ಮೊದಲೇ ತೀರ್ಪು ಕೊಟ್ಟಂತೆ.

‘ಓದುಗಾರಿಕೆ’ ಎನ್ನಿ. ಅದು ರೂಢಿಯಿಂದ ಬಂದ ಪಳಗಿಕೆ. ಮನೆಯದೋ ಶಾಲೆಯದೋ ಎಂಬುದನ್ನು ಪದ ಹೇಳುವುದಿಲ್ಲ, ಲೇಖನ ಹೇಳಲಿ.

ಉತ್ತರ:
‘ಗಾರ’ ಸಂಸ್ಕೃತದ ‘ಕಾರ’. ಹಿಂಬಾಗಿಲಿನಿಂದ ಮತ್ತೆ ಅದೇ ನೆಂಟ.

ಉತ್ತರ:
ಹಾಗಾದರೆ ಕೈಗಾರಿಕೆಯನ್ನೂ ಮುಚ್ಚಿಸಿ, ಕುಂಭಕಾರನಿಂದ ಬಂದ ಕುಂಬಾರನನ್ನೂ ಊರಿನಿಂದ ಓಡಿಸಿ. ಎರವಲು ಬಂದು ಇಲ್ಲೇ ಮಕ್ಕಳು ಮರಿ ಮಾಡಿದ ಪ್ರತ್ಯಯವನ್ನು ಇನ್ನೂ ನೆಂಟ ಎನ್ನುವುದು ಹಟ, ವ್ಯಾಕರಣವಲ್ಲ.

ಉತ್ತರ:
ಈ ಜಗಳದಲ್ಲಿ ದೊಡ್ಡ ಅಪಾಯವೊಂದು ತಪ್ಪಿಸಿಕೊಂಡಿದೆ. ತಮಿಳುನಾಡಿಗೆ ಓದಿನಲ್ಲಿ 337, ಹಿಮಾಚಲಕ್ಕೆ 317. ಇವನ್ನು ‘ಅಂಕ’ ಎಂದು ಬರೆದಿರಾದರೆ ಎಸ್ಸೆಸ್ಸೆಲ್ಸಿ ಕಂಡ ನಮ್ಮ ಓದುಗ ಸುಮ್ಮನೆ 625ಕ್ಕೆ ಹೋಲಿಸಿ, ಪಾಸಾಗಿದ್ದಾರಲ್ಲ ಎಂದು ಪುಟ ತಿರುಗಿಸುತ್ತಾನೆ. ಪಿಸಾದಲ್ಲಿ ಒಟ್ಟು ಅಂಕ ಎಂಬುದೇ ಇಲ್ಲ. ಓಇಸಿಡಿ ದೇಶಗಳ ಸರಾಸರಿಯನ್ನು 500ರಲ್ಲಿ ನೆಟ್ಟು ಅಳತೆಪಟ್ಟಿ ಕಟ್ಟಿದರು, ಉಳಿದವರನ್ನು ಅದರ ಪಕ್ಕ ನಿಲ್ಲಿಸಿದರು. ಪ್ರಶ್ನೆಗಳು ನಮ್ಮ ಮಕ್ಕಳ ಪರಿಸರದವಲ್ಲ ಎಂದು ದಿಲ್ಲಿ ಆಗ ಮುನಿಸಿಕೊಂಡು ಹೊರಬಂತು. ಪ್ರಶ್ನೆಗಳಿಗಿಂತ 500ರ ಆ ಗೂಟದ ಬಗ್ಗೆ ಕೇಳಿದ್ದರೆ ಚೆನ್ನಾಗಿತ್ತು.

ಪ್ರಶ್ನೆ ಕೇಳಿದವರು:
‘ಓದುಗಾರಿಕೆ’ ಹಾಕಿದ್ದೇನೆ, ಸಂಪಾದಕರು ಒಪ್ಪಿದರು. ಅಂಕ ಇದ್ದಲ್ಲೆಲ್ಲ ‘ಸ್ಕೋರ್’ ಮಾಡಿದೆ. ಎಲ್ಲರಿಗೂ ವಂದನೆ.

ಉತ್ತರ:
ಸ್ಕೋರ್! ಅಲ್ಲಿಗೆ ಕನ್ನಡದ ಬಾಗಿಲು ಹಾಕಿದಂತಾಯಿತು. ‘ಎಣಿಕೆ’ಗೆ ಏನಾಗಿತ್ತು?