ಸುಧಾ, ಆ ಡಬ್ಬಿಗಳ ವಿಷಯ ಮೊದಲು ಹೇಳುತ್ತೇನೆ

ಸುಧಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಅಂತ ಈಗ ಬಿಡುವು ಮಾಡಿಕೊಂಡು ಕೂತಿದ್ದೇನೆ. ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡ. ಉಳಿದವರೂ ಕೇಳಲಿ ಅಂತ ಗ್ರೂಪ್‌ನಲ್ಲೇ ಹಾಕುತ್ತಿದ್ದೇನೆ.

ನೀನು ಕೇಳಿದ್ದು ಇದು ಅಲ್ವಾ? ನಿಮ್ಮ ಮನೆಯವರಿಗೆ ಎದೆಬಡಿತ ಏರುಪೇರು, ಏಫಿಬ್ ಅಂತ ಗೊತ್ತಾಗಿದೆ. ಡಾಕ್ಟರ್ ರಕ್ತ ತೆಳು ಮಾಡುವ ಮಾತ್ರೆ ಬರೆದಿದ್ದಾರೆ, ಮುಂದೆ ಅಬ್ಲೇಶನ್, ಅಂದರೆ ಕೊಳವೆ ಬಿಟ್ಟು ಹೃದಯದೊಳಗೆ ಮಾಡುವ ಪ್ರೊಸೀಜರ್, ಮಾಡಿಸಬಹುದು ಅಂದಿದ್ದಾರೆ. ಇಲ್ಲಿ ಒಬ್ಬರು ಮೆಗ್ನೀಸಿಯಂ ಕೊಡು ಅಂದರು, ಇನ್ನೊಬ್ಬರು ಮೀನೆಣ್ಣೆ, ಮತ್ತೊಬ್ಬರು ಕ್ಯೂ 10 (ಕೋಎನ್‌ಜೈಮ್ ಅನ್ನುವ ಪೂರಕ ಮಾತ್ರೆ). "ಮೂರು ತಿಂಗಳು ಇವನ್ನೇ ಕೊಟ್ಟು ನೋಡಲಾ ಅಕ್ಕ?" ಅಂತ ನಿನ್ನ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ಆದರೆ ನಿನ್ನ ಭಾವನ ಜೊತೆ ಆರು ವರ್ಷದಿಂದ ಇದೇ ಕೆಲಸ. ನಾನೂ ಇಂಥ ಪೂರಕ ಮಾತ್ರೆಗಳ ಡಬ್ಬಿಗಳಿಂದಲೇ ಶುರು ಮಾಡಿದವಳು.

ಅವರಿಗೆ ಮೊದಲ ಸಲ ಆದದ್ದು ರಾತ್ರಿ ಎರಡು ಗಂಟೆಗೆ. ಎಬ್ಬಿಸಿ, ನನ್ನ ಬೆರಳು ತಮ್ಮ ಮಣಿಕಟ್ಟಿನ ಮೇಲೆ ಇಟ್ಟುಕೊಂಡರು. ಎರಡು ಬಡಿತ ಒಟ್ಟಿಗೆ ಬಂತು. ಆಮೇಲೆ ಏನೂ ಇಲ್ಲ. ನಾನು ಉಸಿರು ಬಿಗಿ ಹಿಡಿದು ಕಾದೆ. ತಕ್ಷಣ ನಾಲ್ಕು ಒಂದರ ಮೇಲೊಂದು. ಎಣಿಸಲು ಹೋದರೆ ಲೆಕ್ಕವೇ ತಪ್ಪುತ್ತಿತ್ತು. ಬೆಳಿಗ್ಗೆ ತೋರಿಸಿದ ಕಡೆ ಗ್ಯಾಸ್ ಅಂದರು, ಯಾಕೆಂದರೆ ಇಸಿಜಿ ತೆಗೆಯುವ ಹೊತ್ತಿಗೆ ಬಡಿತ ಸರಿಯಾಗಿಬಿಟ್ಟಿತ್ತು. ಅದು ಹಾಗೆಯೇ, ಬಂದು ಹೋಗುತ್ತದೆ. ಮೂರನೇ ಸಲ ಸಿಕ್ಕಿತು.

ಅಷ್ಟರಲ್ಲಿ ನಾನು ಓದಿದ್ದೇ ಓದಿದ್ದು, ತರಿಸಿದ್ದೇ ತರಿಸಿದ್ದು. ಬೀರುವಿನಲ್ಲಿ ಏಳು ಡಬ್ಬಿ. ಹೃದ್ರೋಗದ ಡಾಕ್ಟರ್ ಹತ್ತಿರ ಹೋಗುವಾಗ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ಆಯಮ್ಮ ನಗಲಿಲ್ಲ, ಬೈಯಲೂ ಇಲ್ಲ. ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಹಿಂದಿನ ಚೀಟಿ ಓದಿದರು. ಓದಿ, ಮೊದಲು ಪಕ್ಕಕ್ಕೆ ಸರಿಸಿದ್ದು ಮೀನೆಣ್ಣೆ. ನಾನು ಅತಿ ಹೆಚ್ಚು ಭರವಸೆ ಇಟ್ಟಿದ್ದದ್ದು ಅದರ ಮೇಲೆಯೇ!

ಕಾರಣ ಕೇಳು. 2018ರಲ್ಲಿ ರೆಡ್ಯೂಸ್-ಇಟ್ ಅನ್ನುವ ದೊಡ್ಡ ಅಧ್ಯಯನ ಬಂತು. ಮೀನೆಣ್ಣೆಯಲ್ಲಿರುವ ಒಮೆಗಾ-3 ಅನ್ನುವ ಕೊಬ್ಬನ್ನು ಶುದ್ಧ ಮಾಡಿ ದಿನಕ್ಕೆ 4 ಗ್ರಾಂ ಕೊಟ್ಟು ನೋಡಿದರು. ಹೃದಯಾಘಾತ ಕಡಿಮೆಯಾಯಿತು, ನಿಜ. ಆದರೆ ಈ ಏರುಪೇರು ಬಡಿತಕ್ಕೆ ಆಸ್ಪತ್ರೆ ಸೇರಿದವರು ಅವರಲ್ಲಿ 3.1%, ಅದನ್ನು ತೆಗೆದುಕೊಳ್ಳದವರಲ್ಲಿ 2.1%. ಆಮೇಲೆ ಬಂದ ಸ್ಟ್ರೆಂಗ್ತ್ ಅಧ್ಯಯನದಲ್ಲೂ ಅದೇ ಕಡೆಗೆ ವಾಲಿತು. ಅಂದರೆ ಹೃದಯಕ್ಕೆ ಒಳ್ಳೆಯದು ಅಂತ ನಾನು ನುಂಗಿಸುತ್ತಿದ್ದದ್ದು, ಜಾಸ್ತಿ ಪ್ರಮಾಣದಲ್ಲಿ, ಇದೇ ಕಾಯಿಲೆಯನ್ನು ಕೆಣಕಬಹುದಿತ್ತು.

ಮೆಗ್ನೀಸಿಯಂ ಪೂರ್ತಿ ಸುಳ್ಳಲ್ಲ. ಮೂತ್ರ ಹೋಗುವ ಮಾತ್ರೆ ಅಥವಾ ಆಸಿಡಿಟಿ ಮಾತ್ರೆ ತುಂಬಾ ದಿನದಿಂದ ತಗೊಳ್ಳುವವರಿಗೆ ರಕ್ತದಲ್ಲಿ ಅದು ಇಳಿದಿರಬಹುದು, ಇಳಿದರೆ ಬಡಿತ ಕೆಡುತ್ತದೆ. ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಕೊಡುತ್ತಾರೆ. ಸರಿಯಾಗಿಯೇ ಇದ್ದರೆ ಮೇಲೆ ಸುರಿದು ಏಫಿಬ್ ನಿಲ್ಲುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಭೇದಿ ಮಾತ್ರ ಗ್ಯಾರಂಟಿ. ಕಿಡ್ನಿ ಸೋತಿದ್ದರೆ ಅದು ಮೈಯಲ್ಲೇ ಉಳಿದು ತೊಂದರೆ ಮಾಡುತ್ತದೆ. ಪೊಟ್ಯಾಸಿಯಂ ಅಂತೂ ಕೇಳದೆ ಮುಟ್ಟಲೇಬೇಡ, ಕೆಲವು ಬಿಪಿ ಮಾತ್ರೆಗಳು ಮೊದಲೇ ಅದನ್ನು ಏರಿಸುತ್ತವೆ. ಕ್ಯೂ 10 ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ವಾರ್ಫರಿನ್ ಅನ್ನುವ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಲ್ಲಿ ಆ ಮಾತ್ರೆಯ ಕೆಲಸ ತಗ್ಗಿಸಬಹುದು, ಅಷ್ಟೇ ಗಮನದಲ್ಲಿರಲಿ. ಗಿಂಕೋ, ಬೆಳ್ಳುಳ್ಳಿ, ಕರ್ಕ್ಯುಮಿನ್ ಕ್ಯಾಪ್ಸೂಲ್‌ಗಳು ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚಬಹುದು. ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ ಉಲ್ಟಾ, ಆ ಮಾತ್ರೆಯ ಬಲವನ್ನೇ ಇಳಿಸುತ್ತದೆ. ಏಳರಲ್ಲಿ ನಮಗೆ ಉಳಿದದ್ದು ಒಂದೇ ಡಬ್ಬಿ, ವಿಟಮಿನ್ ಡಿ. ಅದೂ ಮೂಳೆಗೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ನೀನು ಡಬ್ಬಿಯನ್ನೂ ಪ್ರೊಸೀಜರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೀಯ. ನಾನೂ ಹಾಗೇ ಮಾಡಿದ್ದೆ. ಆದರೆ ಇಲ್ಲಿ ಲೆಕ್ಕ ಎರಡಿವೆ. ಒಂದು ಬಡಿತದ್ದು, ಇನ್ನೊಂದು ರಕ್ತ ಹೆಪ್ಪುಗಟ್ಟುವುದರದ್ದು. ಹೃದಯದ ಮೇಲಿನ ಕೋಣೆ ಸರಿಯಾಗಿ ಕುಗ್ಗದೆ ಸುಮ್ನೆ ನಡುಗುತ್ತಿರುತ್ತದೆ. ಎಡಗಡೆ ಕೋಣೆಗೆ ಕಿವಿಯಂಥ ಪುಟ್ಟ ಚೀಲವೊಂದು ಅಂಟಿಕೊಂಡಿದೆ, ಅಲ್ಲಿ ರಕ್ತ ನಿಂತು ಗಡ್ಡೆ ಕಟ್ಟುತ್ತದೆ. ಅದು ಕಿತ್ತು ಮೆದುಳಿಗೆ ಹೋದರೆ ಪಾರ್ಶ್ವವಾಯು. ಏಫಿಬ್ ಇದ್ದವರಿಗೆ ಆ ಅಪಾಯ ಇಲ್ಲದವರಿಗಿಂತ ಸುಮಾರು ಐದು ಪಟ್ಟು. ಇದನ್ನು ತಡೆಯುವ ಶಕ್ತಿ ಯಾವ ಡಬ್ಬಿಗೂ ಇಲ್ಲ. ಆಸ್ಪಿರಿನ್ ಕೂಡ ಸಾಲದು.

ಯಾರಿಗೆ ಮಾತ್ರೆ ಬೇಕು ಅಂತ ನೋಡಲು ಚಾಡ್ಸ್-ವ್ಯಾಸ್ಕ್ ಅನ್ನುವ ಅಂಕಪಟ್ಟಿ ಇದೆ. ನಿಮ್ಮವರಿಗೆ 66 ವರ್ಷ, ಅದಕ್ಕೆ 1. ಬಿಪಿ ಇದೆ, ಅದಕ್ಕೆ 1. ಎರಡಾಯಿತು. ಗಂಡಸರಿಗೆ ಎರಡು ಬಂದರೆ ಮಾತ್ರೆ ಬೇಕು ಅನ್ನುತ್ತಾರೆ. ಹಾಗಾಗಿ ಮೂರು ತಿಂಗಳು ಡಬ್ಬಿ ನೋಡುತ್ತೇನೆ ಅಂತ ಆ ಮಾತ್ರೆ ನಿಲ್ಲಿಸಬೇಡ. ಅದು ಅಪಿಕ್ಸಬಾನ್ ಅನ್ನುವ ಮಾತ್ರೆಯಾಗಿದ್ದರೆ ದಿನಕ್ಕೆ ಎರಡು ಸಲ, ಒಂದು ಹೊತ್ತೂ ತಪ್ಪಬಾರದು, ಅದರ ಕೆಲಸ ಬೇಗ ಇಳಿದುಹೋಗುತ್ತದೆ. ನಾವು ಫೋನಿನಲ್ಲಿ ಅಲಾರಂ ಇಟ್ಟಿದ್ದೇವೆ. ಅದು ಕೂಗಿದಾಗಲೆಲ್ಲ ನಿನ್ನ ಭಾವ ಮುಖ ಸಿಂಡರಿಸುತ್ತಾರೆ, ಆದರೂ ನುಂಗುತ್ತಾರೆ.

ಇನ್ನು ಅಬ್ಲೇಶನ್. ಎದೆ ಸೀಳುವುದಿಲ್ಲ, ಅದಕ್ಕೆ ಹೆದರಬೇಡ. ತೊಡೆಸಂದಿಯ ರಕ್ತನಾಳದಿಂದ ತಂತಿಯಂಥ ಸಣ್ಣ ಕೊಳವೆ ಬಿಟ್ಟು ಹೃದಯದವರೆಗೆ ಹೋಗುತ್ತಾರೆ. 1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಹೈಸಗೇರ್ ಅನ್ನುವ ಡಾಕ್ಟರ್ ಮತ್ತು ಅವರ ಜೊತೆಗಾರರು 45 ರೋಗಿಗಳಲ್ಲಿ ಹುಡುಕಿದಾಗ, ಈ ಪುಂಡ ಬಡಿತ ಹುಟ್ಟುವ ಜಾಗಗಳಲ್ಲಿ 94% ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಒಳಗೇ ಸಿಕ್ಕವು. ಹಾಗಾಗಿ ಆ ನಾಳಗಳ ಬಾಯಿಯ ಸುತ್ತ ಸುಟ್ಟೋ, ತಣ್ಣಗೆ ಹಿಮಗಟ್ಟಿಸಿಯೋ, ಈಗೀಗ ವಿದ್ಯುತ್ ಮಿಡಿತ ಕೊಟ್ಟೋ ಬೇಲಿ ಹಾಕುತ್ತಾರೆ. ಹೃದಯದ ಸುತ್ತ ರಕ್ತ ತುಂಬಿಕೊಳ್ಳುವುದು, ಪಾರ್ಶ್ವವಾಯು ಇಂಥ ದೊಡ್ಡ ತೊಂದರೆ ಅಪರೂಪ, ಆದರೆ ಇಲ್ಲ ಅನ್ನುವಂತಿಲ್ಲ. ಎಷ್ಟು ಮಾಡಿದ್ದೀರಿ, ತೊಂದರೆ ಎಷ್ಟು ಜನರಿಗೆ ಆಯಿತು ಅಂತ ಮಾಡುವವರನ್ನೇ ಕೇಳು. ಒಳ್ಳೆಯವರು ಸಿಟ್ಟಾಗುವುದಿಲ್ಲ.

ನಿನ್ನ ಭಾವನಿಗೆ ಮುಗಿದ ಮೇಲೆ ಕಾಲು ಮಡಚದೆ ಐದು ಗಂಟೆ ಅಂಗಾತ ಮಲಗುವುದೇ ದೊಡ್ಡ ಶಿಕ್ಷೆಯಾಯಿತು. ಮೂರನೇ ವಾರ ಮತ್ತೆ ಅದೇ ಕುದುರೆ ಓಟ. ಎಲ್ಲ ನೀರಲ್ಲಿ ಹೋಮ ಅಂತ ನಾನು ಬಚ್ಚಲಲ್ಲಿ ನಿಂತು ಅತ್ತೆ. ಗಾಯ ಒಣಗುವ ಮೊದಲ ಎರಡು ಮೂರು ತಿಂಗಳು ಹಾಗಾಗುವುದು ಮಾಮೂಲಂತೆ, ನಮಗೆ ಮೊದಲೇ ಹೇಳಿರಲಿಲ್ಲ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತದೆ. ಇವರಿಗೆ ಬೇಕಾಗಲಿಲ್ಲ. ಈಗಲೂ ವರ್ಷಕ್ಕೊಮ್ಮೆ ಇಣುಕಿ ಹೋಗುತ್ತದೆ. ಬಡಿತ ಸರಿಯಾಯಿತು ಅಂತ ರಕ್ತದ ಮಾತ್ರೆ ನಿಲ್ಲಲಿಲ್ಲ. ಅದು ಆ ಅಂಕದ ಮೇಲೆ ನಡೆಯುತ್ತದೆ.

ಆತುರ ಎಷ್ಟು ಅಂತ ಕೇಳಿದರೆ, ನಾಳೆಯೇ ಮಾಡಿಸಬೇಕು ಅಂತಿಲ್ಲ. 2019ರ ಕಬಾನಾ ಅಧ್ಯಯನದಲ್ಲಿ 2,204 ಜನರಲ್ಲಿ ಅಬ್ಲೇಶನ್ನನ್ನೂ ಔಷಧಿಯನ್ನೂ ಹೋಲಿಸಿದರು. ಸಾವು, ಪಾರ್ಶ್ವವಾಯು ಇವುಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ, ಆದರೆ ದಿನದ ಬದುಕು ಅಬ್ಲೇಶನ್ ಆದವರಿಗೆ ಹಗುರವಾಯಿತು. ಇನ್ನೊಂದು ಕಡೆ, 2020ರ ಈಸ್ಟ್ ಅಧ್ಯಯನದಲ್ಲಿ ಕಾಯಿಲೆ ಕಂಡ ವರ್ಷದೊಳಗೆ, ಹೆಚ್ಚಾಗಿ ಔಷಧಿಯಿಂದಲೇ, ಬಡಿತ ಸರಿ ಮಾಡಲು ಹೊರಟವರಿಗೆ ಒಳ್ಳೆಯದಾಯಿತು. ಹಾಗಾಗಿ ಎರಡು ತಿಂಗಳು ಯೋಚಿಸು, ಇನ್ನೊಬ್ಬರ ಅಭಿಪ್ರಾಯ ತಗೋ. ನೋಡೋಣ ನೋಡೋಣ ಅಂತ ಎರಡು ವರ್ಷ ತಳ್ಳಬೇಡ, ಕೋಣೆ ಹಿಗ್ಗಿದ ಮೇಲೆ ಬೇಲಿ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ಹೃದಯದ ಪಂಪ್ ಶಕ್ತಿ ಇಳಿದಿದ್ದರೆ ಲೆಕ್ಕವೇ ಬೇರೆ, ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಎಷ್ಟು ಬಂತು ಅಂತ ನೋಡು.

ಆ ಎರಡು ತಿಂಗಳಲ್ಲಿ ಡಬ್ಬಿಗಿಂತ ಕೆಲಸ ಮಾಡುವುದು ಬೇರೆ ಇದೆ. ತೂಕ, ಕುಡಿತ, ಗೊರಕೆ. ಅವರು ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಲ್ಲಿಸುತ್ತಾರೆ ಅಂತ ನೀನೇ ಒಮ್ಮೆ ನಗುತ್ತಾ ಹೇಳಿದ್ದೆ, ನೆನಪಿದೆಯಾ? ನಗುವ ವಿಷಯ ಅಲ್ಲ ಅದು. ನಿದ್ದೆಯ ಪರೀಕ್ಷೆ ಮಾಡಿಸು. ಅದನ್ನು ಹಾಗೇ ಬಿಟ್ಟರೆ ಅಬ್ಲೇಶನ್ ಆದ ಮೇಲೂ ಏಫಿಬ್ ವಾಪಸ್ ಬರುವುದು ಜಾಸ್ತಿ.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಎದೆನೋವು ಬಂದರೆ, ತಲೆ ತಿರುಗಿ ಬಿದ್ದರೆ ಗ್ರೂಪ್‌ನಲ್ಲಿ ಕೇಳುತ್ತಾ ಕೂರಬೇಡ, ನೇರ ಎಮರ್ಜೆನ್ಸಿಗೆ ಓಡು.

ಎಕೋ ರಿಪೋರ್ಟ್, ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ), ಈಗ ನಡೆಯುತ್ತಿರುವ ಮಾತ್ರೆಗಳ ಫೋಟೋ ನನಗೊಬ್ಬಳಿಗೇ ಕಳಿಸು, ಇಲ್ಲಿ ಹಾಕಬೇಡ. ಮುಂದಿನ ಸಲ ಡಾಕ್ಟರಿಗೆ ಕೇಳಬೇಕಾದ್ದನ್ನು ಇಬ್ಬರೂ ಕೂತು ಬರೆದುಕೊಳ್ಳೋಣ. ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡು, ಆ ಅಲಾರಂ ಕೂಗಿ ಮುಗಿದಿರುತ್ತದೆ.