ತಿರುವಿನ ಕೋಳಿಗಳು: ಭಾನುವಾರದ ಸಭೆಗೆ ಮುಂಚೆ ಇಲ್ಲೇ ಮಾತಾಡೋಣ

ಕಾರ್ಯದರ್ಶಿ: ನಮಸ್ಕಾರ. ಮುಖ್ಯರಸ್ತೆ ತಿರುವಿನ ಪೊದೆಯಲ್ಲಿರುವ ಕೋಳಿಗಳ ಬಗ್ಗೆ ದೂರು ಜಾಸ್ತಿ ಆಗಿದೆ. ನಿನ್ನೆ ಒಂದು ಹೇಂಟೆ ಮರಿಗಳ ಸಮೇತ ಅಡ್ಡ ಬಂತು. ಸ್ಕೂಟರ್‌ನವರು ಬ್ರೇಕ್ ಹಾಕಿ ಜಾರಿದರು. ಮೊಣಕೈ ತರಚಿದೆ, ಸದ್ಯ ಅಷ್ಟೇ.

ಮೇಲ್ಮಹಡಿ: ಎಲ್ಲವನ್ನೂ ಹಿಡಿಸಿ ಸಾಗಿಸಿ. ಬೆಳಕು ಹರಿಯುವ ಮೊದಲೇ ಒಂದು ಹುಂಜ ಶುರು ಮಾಡುತ್ತದೆ, ಹಿಂದೆಯೇ ಉಳಿದವು.

ಮೂಲೆ ಮನೆ: ಅದಕ್ಕೂ ಸರದಿ ಇದೆ ಅಕ್ಕ. ಗುಂಪಿನ ಯಜಮಾನ ಹುಂಜವೇ ಮೊದಲು ಕೂಗುವುದು. 2015ರಲ್ಲಿ ಜಪಾನಿನ ಸಂಶೋಧಕರು ಇದನ್ನು ತೋರಿಸಿದ್ದಾರೆ.

ಮೇಲ್ಮಹಡಿ: ನನಗೆ ನಿದ್ದೆ ಬೇಕು ಅಣ್ಣ, ಜಪಾನ್ ಅಲ್ಲ.

ಹಿಂದಿನ ಸಾಲು: ಅಷ್ಟಕ್ಕೂ ಇವು ಬಂದದ್ದು ಎಲ್ಲಿಂದ? ಕೋಳಿ ಲಾರಿ ಮಗುಚಿತ್ತು ಅಂತ ಕೇಳಿದ್ದೆ.

ಮೂಲೆ ಮನೆ: ಲಾಸ್ ಏಂಜಲೀಸ್‌ನಲ್ಲೂ ಇದೇ ಲಾರಿ ಕತೆ ಹೇಳುತ್ತಾರೆ! ಅಲ್ಲಿ ಹಾಲಿವುಡ್ ಫ್ರೀವೇಯ ವೈನ್‌ಲ್ಯಾಂಡ್ ಅವೆನ್ಯೂ ಇಳಿಜಾರಿನ ಕೆಳಗೆ 1970ರ ಸುಮಾರಿಗೆ ಕೋಳಿಗಳು ಸೇರಿಕೊಂಡವು. ಹತ್ತಿರದ ಒಬ್ಬ ಅಜ್ಜಿ ದಿನಾ ಕಾಳು ಹಾಕುತ್ತಿದ್ದರು. ಅವರಿಗೆ ವಯಸ್ಸಾಗಿ ಕೈಲಾಗದಾಗ, 1976ರಲ್ಲಿ ಕೋಳಿಗಳನ್ನು ಹಿಡಿದು ಸೀಮಿ ವ್ಯಾಲಿಯ ಒಂದು ರ‍್ಯಾಂಚ್‌ಗೆ ಸಾಗಿಸಿದರು. ಕೆಲವು ಸಿಗಲಿಲ್ಲ, ಗುಂಪು ಮತ್ತೆ ಬೆಳೆಯಿತು. ಪೊದೆ, ಕಾಳು ಎರಡೂ ಇದ್ದ ಮೇಲೆ ಸುಮ್ನೆ ಹಿಡಿಸಿ ಏನು ಪ್ರಯೋಜನ?

ಹಿಂದಿನ ಸಾಲು: ಕೊಲ್ಲಿಸುವ ಮಾತು ಮಾತ್ರ ಬೇಡ. 2017ರಲ್ಲಿ ಸಿಂಗಪುರದ ಸಿನ್ ಮಿಂಗ್‌ನಲ್ಲಿ ಕೂಗಿನ ದೂರು ಬಂತೆಂದು 24 ಕೋಳಿಗಳನ್ನು ಕೊಂದರು. ಜನ ಅಧಿಕಾರಿಗಳ ಮೇಲೆ ರೇಗಿಬಿದ್ದರು.

ಗೇಟ್ ಪಕ್ಕದ ಮನೆ: ಕಾಳು ಹಾಕುವವಳು ನಾನು ಅಂತ ಎಲ್ಲರಿಗೂ ಗೊತ್ತು. ನಿಲ್ಲಿಸುವುದಿಲ್ಲ.

ಮೂಲೆ ಮನೆ: ನಿಲ್ಲಿಸಬೇಡಿ ಆಂಟಿ, ಜಾಗ ಬದಲಿಸಿ. ರಸ್ತೆ ಅಂಚಿಗೆ ಎಸೆದರೆ ಅವು ಡಾಂಬರಿನ ಮೇಲೇ ಕೆದಕುತ್ತವೆ. ಬೇಲಿಯ ಒಳಗೆ, ಬೆಳಿಗ್ಗೆ ಒಂದೇ ಸಲ, ತಿಂದು ಮುಗಿಸುವಷ್ಟೇ ಹಾಕಿ. ಉಳಿದರೆ ಇಲಿ ಬರುತ್ತದೆ.

ಗೇಟ್ ಪಕ್ಕದ ಮನೆ: ಅದು ಆಗಬಹುದು. ಆದರೆ ಮರಿಗಳು?

ಮೂಲೆ ಮನೆ: ಕಾವಿಗೆ ಕೂತರೆ 21 ದಿನಕ್ಕೆ ಮರಿ. ಅದಕ್ಕೂ ಮೊದಲೇ ಮೊಟ್ಟೆ ತೆಗೆದು ಸುಳ್ಳು ಮೊಟ್ಟೆ ಇಡಬೇಕು. ಬರಿದು ಮಾಡಿದರೆ ಬೇರೆ ಕಡೆ ಗೂಡು ಹುಡುಕುತ್ತದೆ. ಗೂಡು ಎಲ್ಲಿದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೇಲ್ಮಹಡಿ: ಹುಂಜ?

ಕಾರ್ಯದರ್ಶಿ: ಸಾಕುವವರು ಸಿಕ್ಕರೆ ಹುಂಜಗಳನ್ನು ಮೊದಲು ಕಳಿಸೋಣ. ರಾತ್ರಿ ಕೊಂಬೆ ಮೇಲೆ ಕೂತಾಗ ಹಿಡಿಯುವುದು ಸುಲಭವಂತೆ. ಟಾರ್ಚ್, ಗೋಣಿಚೀಲ ಇರುವವರು ಹೆಸರು ಕೊಡಿ. ಬೇಲಿಗೆ ಜಾಲರಿಯ ಲೆಕ್ಕ ಭಾನುವಾರ. ಮೇಲ್ಮಹಡಿ ಮೇಡಂ, ನೀವೂ ಬರಬೇಕು.

ಮೇಲ್ಮಹಡಿ: ಸಭೆ ಎಷ್ಟು ಗಂಟೆಗೆ? ಹತ್ತರ ಮೇಲಿಡಿ. ಅವತ್ತಾದರೂ ಮಲಗುತ್ತೇನೆ.